ಓದು ಬಾರದ ಮಹಿಳೆಯರ ಉಳಿತಾಯ ಗುಂಪು: ಲೆಕ್ಕ ಕೆಡದಂತೆ ಕಟ್ಟುವುದು ಹೇಗೆ?

ಪ್ರಶ್ನೆ

ದಿನಗೂಲಿ ನಂಬಿದ ಕುಟುಂಬಗಳಿರುವ ಕಡೆ ಮಹಿಳೆಯರ ಉಳಿತಾಯ ಗುಂಪು ಶುರು ಮಾಡಬೇಕಿದೆ. 30 ಮಂದಿ ಮುಂದೆ ಬಂದಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಓದುಬರಹ ಬಾರದು. ಶಾಲೆ ಬಿಟ್ಟ ಏಳೆಂಟು ಹುಡುಗಿಯರೂ ಸೇರುತ್ತೇವೆ ಅನ್ನುತ್ತಿದ್ದಾರೆ. ದಾನಿ ಸಂಸ್ಥೆಯೊಂದು ಮೂಲಧನ ಕೊಡಲು ಸಿದ್ಧವಿದೆ. ಅದನ್ನು ಈಗಲೇ ತೆಗೆದುಕೊಳ್ಳಬಹುದೇ? ಓದು ಬಲ್ಲ ಒಬ್ಬಿಬ್ಬರ ಕೈಗೇ ಲೆಕ್ಕವೆಲ್ಲ ಹೋಗದಂತೆ ಏನು ಮಾಡಬೇಕು?

ಉತ್ತರ 1

ದಾನಿಯ ಹಣವನ್ನು ಮೊದಲ ವರ್ಷ ಮುಟ್ಟಬೇಡಿ. ಪೆಟ್ಟಿಗೆಯಲ್ಲಿರುವುದು ತಮ್ಮದೇ ದುಡ್ಡಾದರೆ, ಸಾಲ ಕಟ್ಟದವಳನ್ನು ಉಳಿದವರು ಕೇಳಿಯೇ ಕೇಳುತ್ತಾರೆ. ಬಿಟ್ಟಿ ಬಂದ ದುಡ್ಡಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. 1991ರಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಹಳ್ಳಿ ಹೆಂಗಸರ ಜೊತೆ ಶುರು ಮಾಡಿದ ಪದ್ಧತಿ ನಿಮ್ಮ ಪರಿಸ್ಥಿತಿಗೆ ಒಪ್ಪುತ್ತದೆ. ಸದಸ್ಯೆಯರ ಉಳಿತಾಯವೇ ಅದರ ಬಂಡವಾಳ.

ಒಂದು ಗುಂಪಿಗೆ 15ರಿಂದ 25 ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಸಭೆ ಎಳೆಯುತ್ತದೆ, ಕೂಲಿ ತಪ್ಪುತ್ತದೆ ಎಂದು ಬಡವರೇ ಮೊದಲು ಬಿಟ್ಟುಹೋಗುತ್ತಾರೆ. ಎರಡು ಗುಂಪು ಮಾಡಿ, ಆದರೆ ಪಟ್ಟಿ ನೀವು ಬರೆಯಬೇಡಿ. ಯಾರ ಜೊತೆ ದುಡ್ಡಿಡಬಹುದು ಎಂಬುದು ಅವರಿಗೇ ಗೊತ್ತು.

ಬೇಕಾಗುವ ಸಾಮಾನು ಕಡಿಮೆ: ಮೂರು ಬೀಗ ಹಾಕಬಹುದಾದ ತಗಡಿನ ಪೆಟ್ಟಿಗೆ, ಚೌಕ ಎಳೆದ ಪಾಸ್‌ಬುಕ್ಕುಗಳು, ಒಂದು ರಬ್ಬರ್ ಮುದ್ರೆ, ಎಣಿಸಲು ಎರಡು ಬಟ್ಟಲು, ಎರಡು ಬಟ್ಟೆಚೀಲ. ಮೂರು ಕೀಲಿಗಳು ಬೇರೆ ಯಾವ ಹುದ್ದೆಯೂ ಇಲ್ಲದ ಮೂವರ ಬಳಿ ಇರಲಿ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿರಲಿ. ಈ ನಾಲ್ವರಲ್ಲಿ ಯಾರಿಬ್ಬರೂ ಒಂದೇ ಮನೆಯವರಾಗಿರಬಾರದು. ಪೆಟ್ಟಿಗೆ ಸಭೆಯಲ್ಲಿ ಬಿಟ್ಟು ಬೇರೆಲ್ಲೂ ತೆರೆಯಕೂಡದು.

ಉಳಿತಾಯವನ್ನು ಷೇರಿನ ಲೆಕ್ಕದಲ್ಲಿ ಕಟ್ಟಿಸಿ, ಷೇರು ಅಂದರೆ ಗುಂಪು ಗೊತ್ತು ಮಾಡಿದ ಬೆಲೆಯ ಒಂದು ಪಾಲು. ಪ್ರತಿ ಸಭೆಯಲ್ಲಿ ಒಬ್ಬರು 1ರಿಂದ 5 ಷೇರು ಕೊಳ್ಳಬಹುದು. ಒಂದು ಷೇರಿಗೆ ಪಾಸ್‌ಬುಕ್ಕಿನ ಚೌಕದಲ್ಲಿ ಒಂದು ಮುದ್ರೆ. ಓದು ಬಾರದವರೂ ಮುದ್ರೆ ಎಣಿಸಬಲ್ಲರು. ಆ ದಿನದ ಖಾಲಿ ಚೌಕಗಳಿಗೆ ಅಲ್ಲೇ ಗೆರೆ ಎಳೆಯಿರಿ. ಇಲ್ಲವಾದರೆ ಆಮೇಲೆ ಯಾರಾದರೂ ಮುದ್ರೆ ಒತ್ತಿಕೊಳ್ಳಬಹುದು. ಷೇರಿನ ಬೆಲೆ ಗೊತ್ತು ಮಾಡುವಾಗ ಸರಾಸರಿ ಆದಾಯ ನೋಡಬೇಡಿ, ಗುಂಪಿನ ಅತಿ ಬಡವಳು ಕೆಲಸ ಸಿಗದ ವಾರದಲ್ಲೂ ಒಂದು ಕೊಳ್ಳುವಂತಿರಲಿ.

ಸಭೆಯ ಕೊನೆಗೆ ಸಾಲದ ಹಣವನ್ನೂ ಆಪತ್ ನಿಧಿಯನ್ನೂ (ಸದಸ್ಯೆಯರ ಕಷ್ಟಕಾಲಕ್ಕೆಂದು ಬೇರೆ ತೆಗೆದಿಟ್ಟ ಹಣ) ಬೇರೆಬೇರೆ ಎಣಿಸಿ, ಮೊತ್ತ ಗಟ್ಟಿಯಾಗಿ ಹೇಳಿ, ಎಲ್ಲರ ಬಾಯಲ್ಲೂ ಹೇಳಿಸಿ. ಮುಂದಿನ ಸಲ ಪೆಟ್ಟಿಗೆಯ ಹಣ ಎಣಿಸುವ ಮೊದಲು, 'ಹೋದ ವಾರ ಎಷ್ಟಿತ್ತು?' ಎಂದು ಕೇಳಿ, ಆಮೇಲೆ ತಾಳೆ ನೋಡಿ. ಲೆಕ್ಕ ಒಬ್ಬರ ಕೈಗೆ ಹೋಗದಂತೆ ತಡೆಯುವುದು ಇದೇ. ಹೊತ್ತಾಯಿತು ಎಂದು ಮೊದಲು ಕೈಬಿಡುವುದೂ ಇದನ್ನೇ, ಹಾಗಾಗಲು ಬಿಡಬೇಡಿ.

ಉತ್ತರ 2

ಮೇಲಿನದಕ್ಕೆ ಸಾಲದ ವಿಷಯ ಸೇರಿಸುತ್ತೇನೆ, ಗುಂಪು ಮುರಿಯುವುದು ಹೆಚ್ಚಾಗಿ ಅಲ್ಲೇ.

ಮೊದಲ ಕೆಲವು ಸಭೆ ಬರೀ ಉಳಿತಾಯ. ಆಮೇಲೆ ನಾಲ್ಕು ವಾರಕ್ಕೊಮ್ಮೆ ಸಾಲ. ಸಾಲದ ಮಿತಿ ಸಾಲ ಪಡೆಯುವವಳದೇ ಉಳಿತಾಯದ ಮೂರು ಪಟ್ಟು, ಸಾಲದ ಅವಧಿ ಮೊದಲ ವರ್ಷ 3 ತಿಂಗಳು ದಾಟದಿರಲಿ. ಹಳೆ ಸಾಲ ತೀರದೆ ಹೊಸದಿಲ್ಲ. ಪದಾಧಿಕಾರಿಗಳಿಗೂ ಇದೇ ನಿಯಮ, 9ರಿಂದ 12 ತಿಂಗಳ ಪ್ರತಿ ಉಳಿತಾಯ ಸುತ್ತಿಗೂ ಹೊಸದಾಗಿ ಚುನಾವಣೆ. ಅಧ್ಯಕ್ಷೆಯೇ ಬಾಕಿ ಉಳಿಸಿಕೊಂಡರೆ ಬೇರೆಯವರನ್ನು ಕೇಳುವ ನಾಲಿಗೆ ಉಳಿಯುವುದಿಲ್ಲ.

9ರಿಂದ 12 ತಿಂಗಳಿಗೆ ಎಲ್ಲ ಸಾಲ ವಾಪಸು ತಂದು ಹಂಚಿಕೆ ಮಾಡಿ. ಉದಾಹರಣೆಗೆ ಷೇರಿನ ಬೆಲೆ 50, ಒಟ್ಟು 1,600 ಷೇರು. ಉಳಿತಾಯ 80,000 ಆಯಿತು. ಬಡ್ಡಿ, ದಂಡ ಸೇರಿ ಸಾಲನಿಧಿಯಲ್ಲಿ 92,000 ಇದ್ದರೆ ಷೇರಿಗೆ 57.50. ಚಿಲ್ಲರೆ ಬಿಟ್ಟು 57ರಂತೆ ಹಂಚಿದರೆ, 100 ಮುದ್ರೆ ಇರುವವಳಿಗೆ 5,700. ಉಳಿಯುವ 800ನ್ನು ಮುಂದಿನ ಸುತ್ತಿನ ಆಪತ್ ನಿಧಿಗೆ ಹಾಕಿ. ಬಾಕಿ ಉಳಿಸಿಕೊಂಡವಳ ಪಾಲಿನಿಂದ ಆ ಮೊತ್ತ ಮುರಿದುಕೊಳ್ಳುವುದನ್ನು ಮೊದಲ ದಿನದ ನಿಯಮದಲ್ಲೇ ಸೇರಿಸಿ.

ಕೊನೆಯ ವಾರಗಳಲ್ಲಿ ಸಾಲವೆಲ್ಲ ಮರಳಿ ಪೆಟ್ಟಿಗೆ ತುಂಬಿರುತ್ತದೆ. ಕಳ್ಳತನದ ಭಯ ಹೆಚ್ಚಿರುವುದು ಆಗಲೇ. ಸಾಲ ವಾಪಸಿನ ಕೊನೆಯ ದಿನಕ್ಕೂ ಹಂಚಿಕೆಗೂ ನಡುವೆ ಹೆಚ್ಚು ಅಂತರ ಇಡಬೇಡಿ.

ಉತ್ತರ 3

ಹುಡುಗಿಯರನ್ನು ಅದೇ ಗುಂಪಿಗೆ ಸೇರಿಸಬೇಡಿ. ತಾಯಿ, ಅತ್ತೆ ಕೂತಲ್ಲಿ ಅವರು ಮಾತಾಡುವುದಿಲ್ಲ, ಅವರ ದುಡ್ಡು ಎಲ್ಲಿ ಹೋಗಬೇಕೆಂದು ದೊಡ್ಡವರೇ ತೀರ್ಮಾನಿಸುತ್ತಾರೆ. 10–14 ಮತ್ತು 15–19 ವಯಸ್ಸಿನವರನ್ನೂ ಬೇರೆ ಮಾಡಿ. ಅವರಿಗಿಂತ ತುಸು ದೊಡ್ಡವಳಾದ, ಅದೇ ಜಾಗದ ಯುವತಿಯೊಬ್ಬಳು ನಡೆಸಲಿ.

ಒಂದು ಎಚ್ಚರಿಕೆ. ಉಗಾಂಡದ ಕಂಪಾಲಾದಲ್ಲಿ ಬಡ ಹುಡುಗಿಯರ ಬಗ್ಗೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಉಳಿತಾಯ ಖಾತೆ ಪಡೆದವರ ಮೇಲೆ ಲೈಂಗಿಕ ಕಿರುಕುಳ ಹೆಚ್ಚಾಗಿದ್ದು ಕಂಡಿತು. ಖಾತೆಯ ಜೊತೆಗೆ ಸುರಕ್ಷಿತ ಜಾಗದಲ್ಲಿ ಗುಂಪಾಗಿ ಸೇರುವ ಅವಕಾಶ, ಆರೋಗ್ಯ ಮತ್ತು ಹಣದ ತಿಳಿವಳಿಕೆ ಸಿಕ್ಕವರಲ್ಲಿ ಹಾಗಾಗಲಿಲ್ಲ. ಆದ್ದರಿಂದ ಹುಡುಗಿಯರ ಗುಂಪು ಅಂದರೆ ಮೊದಲು ಜಾಗ ಮತ್ತು ಹೊತ್ತು: ಕತ್ತಲಾಗುವ ಮುಂಚೆ ಮುಗಿಯಬೇಕು, ದಾರಿಯಲ್ಲಿ ಯಾವ ತಿರುವಿನಲ್ಲಿ ಭಯ ಎಂದು ಅವರಿಂದಲೇ ನಕ್ಷೆ ಬರೆಸಬೇಕು. ಹುಡುಗಿಯರಿಗೆ ಸಾಲದ ವ್ಯವಹಾರ ಬೇಡ, ಉಳಿತಾಯ ಸಾಕು.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗವಾಯಿತು. ಹೆಂಡತಿಯ ಹೆಸರಲ್ಲಿ ಗಂಡ ಸಾಲ ತೆಗೆಸಿದರೆ?

ಉತ್ತರ 1

ಸಾಲ ಕೇಳಿದಾಗ ಸಭೆಯ ಮುಂದೆಯೇ ಮೂರು ಪ್ರಶ್ನೆ ಕೇಳಿ: ದುಡ್ಡು ಯಾರು ಬಳಸುತ್ತಾರೆ, ಯಾವ ಆದಾಯದಿಂದ ತೀರುತ್ತದೆ, ಆ ಆದಾಯ ಯಾರ ಕೈಗೆ ಬರುತ್ತದೆ? ಉತ್ತರ ತಡವರಿಸಿದರೆ ಮೊತ್ತ ಇಳಿಸಿ. 'ಗುಂಪು ಒಪ್ಪಲಿಲ್ಲ' ಅನ್ನುವ ಮಾತು ಅವಳಿಗೆ ಮನೆಯಲ್ಲಿ ರಕ್ಷಣೆಯಾಗುತ್ತದೆ, ಅದನ್ನು ಅವಳಿಗೆ ಕೊಡಿ.

ಗಂಡಸರನ್ನು ಆರಂಭದಲ್ಲಿ ಒಮ್ಮೆ ಕರೆದು ನಿಯಮ ತಿಳಿಸಿ. ಸಾಲದ ತೀರ್ಮಾನದಲ್ಲಿ ಕೂರಿಸಬೇಡಿ. ಪಾಸ್‌ಬುಕ್ಕುಗಳು ಪೆಟ್ಟಿಗೆಯೊಳಗೇ ಇರಲಿ. ಆಗ ಮುದ್ರೆಗಳನ್ನು ಯಾರೂ ತಿದ್ದಲಾಗದು, ಜೊತೆಗೆ ಎಷ್ಟು ಕೂಡಿಟ್ಟಿದ್ದಾಳೆ ಎಂಬುದು ಅವಳು ಹೇಳಿದರಷ್ಟೇ ಮನೆಯವರಿಗೆ ತಿಳಿಯುತ್ತದೆ. ದುಡ್ಡಿನ ಕಾರಣಕ್ಕೆ ಹೊಡೆತ ಬಿದ್ದರೆ ಗುಂಪೇ ಪಂಚಾಯಿತಿಗೆ ಕೂರುವುದು ಅಪಾಯ, ಸಿಟ್ಟು ಅವಳ ಮೇಲೆಯೇ ತಿರುಗುತ್ತದೆ. ವೈದ್ಯರು, ಕಾನೂನು ನೆರವು, ಒಂದು ರಾತ್ರಿ ತಂಗಲು ಜಾಗ, ಇವುಗಳ ಪಟ್ಟಿ ಮೊದಲ ಸಭೆಗೆ ಮುಂಚೆಯೇ ನಿಮ್ಮ ಬಳಿ ಸಿದ್ಧವಿರಲಿ.