ಇಂಪೀರಿಯಲ್ ಸ್ಟೌಟ್‌ನಲ್ಲಿ ಕಹಿ, ಗಂಟಲುರಿ ಬಿಟ್ಟು ಬೇರೇನೂ ತಿಳಿಯುತ್ತಿಲ್ಲ

ಮಂಜಿನೂರು, ಮಡಿಕೇರಿ
ಹುರಿದ ಬಾರ್ಲಿಯ ಗಾಢ ಕಪ್ಪು ಬಿಯರ್ ಇದು, 10% ಆಲ್ಕೋಹಾಲ್, 330 ಮಿ.ಲೀ. ಬಾಟಲಿ. ಫ್ರಿಜ್‌ನಿಂದ ತೆಗೆದ ಕೂಡಲೇ ಉದ್ದ ಗ್ಲಾಸಿಗೆ ಸುರಿದರೆ ಮೊದಲು ಸೀದ ಕಹಿ, ಆಮೇಲೆ ಗಂಟಲುರಿ. ಲೇಬಲ್‌ನಲ್ಲಿರುವ ಚಾಕೊಲೇಟ್, ಒಣದ್ರಾಕ್ಷಿ ಎಲ್ಲಿ? ನೊರೆಯೂ ಬೇಗ ಇಳಿಯುತ್ತದೆ. ಬಾಟಲಿ ಕೆಟ್ಟಿದೆಯೇ? ಪಂದಿ ಕರಿಗೆ ಹೊಂದುತ್ತದೆಯೇ?

ಕಾಫಿಕಣ, ಸಿದ್ದಾಪುರ
ಮೊದಲು ತಂಪು ಬಿಡಿಸಿ. 4 ಡಿಗ್ರಿಯಲ್ಲಿ ಪರಿಮಳ ಮೇಲೇಳುವುದಿಲ್ಲ, ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿಯೂ ಅಡಗುತ್ತದೆ, ಉಳಿಯುವುದು ಕಹಿ. ಈ ಬಿಯರಿಗೆ 10ರಿಂದ 13 ಡಿಗ್ರಿ ಬೇಕು. ಮಳೆಗಾಲದ 20 ಡಿಗ್ರಿ ಕೋಣೆಯಲ್ಲಿ ಬಾಟಲಿಯನ್ನು ಮುಕ್ಕಾಲು ಗಂಟೆ ಹೊರಗಿಟ್ಟರೆ ಸಾಕು.

ಹೊಟ್ಟೆ ಅಗಲ, ಬಾಯಿ ಕಿರಿದಾದ ಬ್ರಾಂದಿ ಗ್ಲಾಸ್ ತೆಗೆದುಕೊಳ್ಳಿ. 120-150 ಮಿ.ಲೀ. ಮಾತ್ರ ಸುರಿಯಿರಿ, ತಳದಲ್ಲಿ ಯೀಸ್ಟ್ ಇದ್ದರೆ ಕೊನೆಯ ಒಂದು ಬೆರಳಿನಷ್ಟು ಬಾಟಲಿಯಲ್ಲೇ ಬಿಡಿ. ಗ್ಲಾಸ್ ಮೆಲ್ಲಗೆ ತಿರುಗಿಸಿ, ಚಿಕ್ಕಚಿಕ್ಕ ಉಸಿರಲ್ಲಿ ಮೂಸಿ. ಮೊದಲ ಗುಟುಕು ಬಾಯಿಯನ್ನು ಸಜ್ಜು ಮಾಡಲು, ಅದರ ಮೇಲೆ ತೀರ್ಪು ಬೇಡ. ಎರಡನೆಯದನ್ನು ನಾಲ್ಕೈದು ಸೆಕೆಂಡ್ ಬಾಯಲ್ಲಿಟ್ಟು ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಕೋಕೋ, ಕಾಕಂಬಿ, ಒಣದ್ರಾಕ್ಷಿ ಸಿಗುವುದು ಅಲ್ಲೇ. ಕಾಫಿ ಕಪ್ಪಿಂಗ್ (ಕಾಫಿಯ ರುಚಿ ಪರೀಕ್ಷೆ) ಮಾಡುವವರಂತೆ ಸೊರ್ರೆಂದು ಎಳೆಯಬೇಡಿ, ಆಲ್ಕೋಹಾಲಿನ ಆವಿ ಮೂಗಿಗೆ ಹೊಡೆಯುತ್ತದೆ.

ಇಷ್ಟು ಆಲ್ಕೋಹಾಲ್ ಇದ್ದಲ್ಲಿ ನೊರೆ ಬೇಗ ಇಳಿಯುವುದು ಸಹಜ. ಗ್ಲಾಸಿನಲ್ಲಿ ಎಣ್ಣೆಯಂಶ ಇದ್ದರಂತೂ ನಿಲ್ಲುವುದೇ ಇಲ್ಲ.

ಮಾಲ್ಟ್ ಮನೆ, ಸೋಮವಾರಪೇಟೆ
ಕಹಿಯಲ್ಲೇ ಭೇದವಿದೆ. ಹುರಿದ ಬಾರ್ಲಿಯದು ಕಪ್ಪು ಕಾಫಿಯ ಕಹಿ, ಜೊತೆಗೆ ತುಸು ಹುಳಿ, ಅದು ಇರಬೇಕಾದ್ದೇ. ಬೂದಿ ನೆಕ್ಕಿದಂತಿದ್ದರೆ ಕಪ್ಪು ಮಾಲ್ಟ್ ಅತಿಯಾಗಿದೆ ಎಂದು ಅನುಮಾನಿಸಿ. ಬೆಚ್ಚಗಾದ ಮೇಲೂ ಸ್ಪಿರಿಟ್‌ನಂಥ ಉರಿ ಇದ್ದರೆ ಹುದುಗುವಾಗ ಬಿಸಿ ಹೆಚ್ಚಾಗಿ ಫ್ಯೂಸೆಲ್ ಎಂಬ ಒರಟು ಆಲ್ಕೋಹಾಲ್ ಬಂದಿರುವುದು ಸಾಮಾನ್ಯ ಕಾರಣ. ಎದೆಗೆ ಹಿತವಾಗಿ ಹರಡುವ ಬಿಸುಪು ದೋಷವಲ್ಲ. ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕ ತಾಗಿದೆ. ಮಜ್ಜಿಗೆಯ ಹುಳಿ ಬಂದರೆ ಬ್ಯಾಕ್ಟೀರಿಯಾ ಸೇರಿದೆ, ಚೆಲ್ಲಿಬಿಡಿ.

ಕಾಫಿ ಬೆರೆಸಿದ ಸ್ಟೌಟ್ ಆದರೆ ಕೂಡಿಡಬೇಡಿ. ಕಾಫಿಯ ಪರಿಮಳ ತಿಂಗಳುಗಳಲ್ಲೇ ಮಾಸಿ ದಪ್ಪಮೆಣಸಿನಕಾಯಿಯ ಹಸಿ ವಾಸನೆ ಬರಬಹುದು. ಕಾಫಿ ಇಲ್ಲದ್ದನ್ನು ಕತ್ತಲಲ್ಲಿ, ತಂಪಿನಲ್ಲಿ, ನೆಟ್ಟಗೆ ನಿಲ್ಲಿಸಿಟ್ಟರೆ ಒಂದೆರಡು ವರ್ಷದಲ್ಲಿ ಉರಿ ಮೆತ್ತಗಾಗುತ್ತದೆ. ಒಲೆಯ ಪಕ್ಕದ ಕಪಾಟು ಮಾತ್ರ ಬೇಡ.

ಕಾಚಂಪುಳಿ, ಪೊನ್ನಂಪೇಟೆ
ಪಂದಿ ಕರಿ ಧಾರಾಳವಾಗಿ ಹೊಂದುತ್ತದೆ. ಕಪ್ಪಗೆ ಹುರಿದ ಮಸಾಲೆಗೂ ಹುರಿದ ಬಾರ್ಲಿಗೂ ಒಂದೇ ಜಾತಿಯ ರುಚಿ, ಕೊಬ್ಬಿನ ಜಿಡ್ಡನ್ನು ಕಹಿ ತೊಳೆಯುತ್ತದೆ. ಎಡವುವುದು ಖಾರದಲ್ಲಿ: ಆಲ್ಕೋಹಾಲ್ ಅದರ ಉರಿಯನ್ನು ಏರಿಸುತ್ತದೆ. ಕರಿಮೆಣಸು ಹದವಾಗಿರಲಿ, ಕಾಚಂಪುಳಿಯೂ (ಕೊಡಗಿನ ಕಪ್ಪು ಹಣ್ಣಿನ ಹುಳಿ) ಮಿತವಾಗಿರಲಿ, ಕಡಂಬುಟ್ಟು (ಅಕ್ಕಿತರಿಯ ಉಂಡೆ) ಜೊತೆಗಿರಲಿ. ರುಚಿ ನೋಡುವುದನ್ನೆಲ್ಲ ಊಟಕ್ಕೆ ಮುಂಚೆಯೇ ಮುಗಿಸಿ, ಮಸಾಲೆ ತಾಗಿದ ನಾಲಿಗೆಗೆ ಒಣದ್ರಾಕ್ಷಿ ಸಿಗದು.

ನಿಮ್ಮ 330 ಮಿ.ಲೀ.ಯಲ್ಲಿರುವ ಆಲ್ಕೋಹಾಲ್ 5%ನ 650 ಮಿ.ಲೀ. ದೊಡ್ಡ ಬಾಟಲಿಯಷ್ಟೇ. ಇಬ್ಬರು ಹಂಚಿಕೊಂಡು, ಒಂದು ಗಂಟೆ ಹಿಡಿದು ಕುಡಿಯಿರಿ.