ಸಹಾಯ ಬೇಕು: 3ನೇ ತರಗತಿ ಗಣಿತ ಪರೀಕ್ಷೆ, ವಾಕ್ಯರೂಪದ ಲೆಕ್ಕದಲ್ಲಿ ಮಾತ್ರ ಅಂಕ ಕಡಿಮೆ

ಒಟ್ಟು ಅಂಕ ನೋಡಿದ್ರೆ ಏನೂ ಗೊತ್ತಾಗಲ್ಲ ಅಂತ ಪ್ರಶ್ನೆವಾರು ಉತ್ತರ ಬಿಡಿಸಿ ನೋಡಿದ್ದೇವೆ. 24 − 6 ನೇರವಾಗಿ ಕೊಟ್ಟರೆ ಸರಿ. ‘ರವಿ ಬಳಿ 24 ಗೋಲಿ, ಇದು ಸೀತಾಳಿಗಿಂತ 6 ಹೆಚ್ಚು, ಸೀತಾ ಬಳಿ ಎಷ್ಟು?’ ಅಂದರೆ ಬಹುತೇಕ ಮಕ್ಕಳ ಆಯ್ಕೆ 30. ‘ಹೆಚ್ಚು’ ಕಂಡ ತಕ್ಷಣ ಕೂಡಿಬಿಡ್ತಾರೆ.

ಇದು ಓದಿನ ತೊಡಕೋ, ಹೋಲಿಕೆಯೇ ಅರ್ಥವಾಗಿಲ್ಲವೋ? ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳಿ ಮರುಪರೀಕ್ಷೆ ಮಾಡುವ ಯೋಚನೆಯಿದೆ. ಅದೇ ಪ್ರಶ್ನೆ ಕೊಟ್ಟರೆ ನೆನಪಿನಿಂದಲೇ ಉತ್ತರಿಸ್ತಾರೆ, ಹಾಗಾಗಿ ಸಂಖ್ಯೆ ಬದಲಿಸಲೇಬೇಕು. ನಾಲ್ಕು ಆಯ್ಕೆ ಇದ್ದರೆ ಊಹೆಗೇ 25% ಅವಕಾಶ (ಒಂದೇ ಪ್ರಶ್ನೆ ನಂಬಿ ತೀರ್ಮಾನಿಸೋದು ದಂಡ), ಆದ್ದರಿಂದ ಆಯ್ಕೆ ತೆಗೆದು ಉತ್ತರ ಬರೆಸುತ್ತೇವೆ.

ಒಂದೊಂದು ಬಗೆಯ ಲೆಕ್ಕಕ್ಕೆ ಎಷ್ಟು ಪ್ರಶ್ನೆ ಸಾಕು? ಪಟ್ಟಿಚಿತ್ರ (ಸಂಖ್ಯೆಗಳನ್ನು ಉದ್ದ-ಗಿಡ್ಡ ಪಟ್ಟಿಗಳಾಗಿ ತೋರಿಸೋ ಚಿತ್ರ) ಬಿಡಿಸಿ ಹೋಲಿಕೆ ಕಲಿಸಿದವರು ಯಾವ ಕ್ರಮದಲ್ಲಿ ಹೋದಿರಿ, ದಯವಿಟ್ಟು ತಿಳಿಸಿ.