ಗಿಂಪ್‌ಗೆ ಪ್ಲಗಿನ್ ಬರೆಯಬೇಕು: ಪ್ರೊಸೀಜರ್, ಪ್ಯಾರಾಮೀಟರ್, ಡ್ರಾಯಬಲ್ ಅಂದರೆ ಏನು?

ಪ್ರಶ್ನೆ (ಗದಗ): ಅಕ್ಕಾ, ನಮಸ್ಕಾರ. ಬೆಟಗೇರಿಯ ಒಂದು ಪ್ರೆಸ್‌ನಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಜೂನ್ ಬಂತೆಂದರೆ ಶಾಲೆಗಳ ಐಡಿ ಕಾರ್ಡ್ ಕೆಲಸ ಶುರು. ಮಾಸ್ತರರು ಮೊಬೈಲ್‌ನಲ್ಲಿ ಫೋಟೋ ತೆಗೆದು ಕಳಿಸುತ್ತಾರೆ. ಒಂದೊಂದನ್ನೂ ತೆರೆದು, ಕತ್ತರಿಸಿ, ಪಾಸ್‌ಪೋರ್ಟ್ ಅಳತೆಗೆ ಇಳಿಸಿ, ಕೆಳಗಿನ ಬಲ ಮೂಲೆಗೆ ಶಾಲೆಯ ಲಾಂಛನ ಕೂಡಿಸಬೇಕು. ಫೋಟೋ ತಿದ್ದುವ ಸಾಫ್ಟ್‌ವೇರ್ ಗಿಂಪ್‌ಗೆ ಪ್ಲಗಿನ್ (ಅದರೊಳಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಬರೆದರೆ ಇದನ್ನೆಲ್ಲ ಅದು ತಾನೇ ಮಾಡುತ್ತದೆ ಅಂತ ಕೇಳಿದೆ. ನಾನು ಓದಿದ್ದು ಬಿ.ಕಾಂ. ಪಾಠ ತೆರೆದರೆ ಮೊದಲ ಪುಟದಲ್ಲೇ ಪ್ರೊಸೀಜರ್, ಪ್ಯಾರಾಮೀಟರ್, ಡ್ರಾಯಬಲ್, ರಿಜಿಸ್ಟರ್ ಅಂತ ಶುರುವಾಗುತ್ತದೆ. ಎಲ್ಲಿಂದ ಹಿಡಿಯಲಿ?

ಉತ್ತರ (ಹುಬ್ಬಳ್ಳಿ, ಸಾಫ್ಟ್‌ವೇರ್ ಡೆವಲಪರ್): ನಮಸ್ಕಾರ. ಏನು ಆಗಬೇಕು ಅನ್ನೋದು ಕೈಯಿಂದ ಮಾಡಿ ಮಾಡಿ ನಿಮಗೆ ಪಕ್ಕಾ ಗೊತ್ತಿದೆ. ಅರ್ಧ ಕೆಲಸ ಅಲ್ಲಿಗೇ ಮುಗಿದ ಹಾಗೆ. ಶಬ್ದಗಳನ್ನು ಬಾಯಿಪಾಠ ಮಾಡಬೇಡಿ. ನಿಮ್ಮ ಐಡಿ ಕಾರ್ಡ್ ಫೋಟೋ ಮುಂದಿಟ್ಟುಕೊಂಡೇ ನೋಡೋಣ.

ಕತ್ತರಿಸುವುದು, ಅಳತೆ ಬದಲಿಸುವುದು, ಲೇಯರ್ (ಒಂದರ ಮೇಲೊಂದು ಇಡುವ ಪದರ) ಸೇರಿಸುವುದು ಹೀಗೆ ಗಿಂಪ್ ಮಾಡುವ ಕೆಲಸಗಳಿಗೆ ಒಂದೊಂದು ಪ್ರೊಸೀಜರ್ ಇದೆ. ಪ್ರೊಸೀಜರ್ ಅಂದರೆ ಹೆಸರಿಟ್ಟ ಕೆಲಸ. ಹೆಸರು ಹಿಡಿದು ಕರೆದರೆ ಮಾಡಿಕೊಡುತ್ತದೆ. ಕರೆಯುವಾಗ ಕೊಡುವ ವಿವರಗಳೇ ಪ್ಯಾರಾಮೀಟರ್. ಪ್ರೆಸ್‌ನಲ್ಲಿ ಮಷೀನ್ ನಡೆಸುವವರಿಗೆ ಜಾಬ್ ಕಾರ್ಡ್ ಬರೆದು ಕೊಡುತ್ತೀರಲ್ಲ, ಸೈಜ್ ಇಷ್ಟು, ಕಾಗದ ಇದು, ಪ್ರತಿ ಇಷ್ಟು ಅಂತ, ಹಾಗೆ. ಅಳತೆ ಬದಲಿಸುವ 'ಗಿಂಪ್-ಇಮೇಜ್-ಸ್ಕೇಲ್' ಮೂರು ವಿವರ ಕೇಳುತ್ತದೆ: ಯಾವ ಇಮೇಜ್, ಹೊಸ ಅಗಲ, ಹೊಸ ಎತ್ತರ. ಇದೇ ಕ್ರಮದಲ್ಲಿ ಕೊಡಬೇಕು.

ಈಗ ಟೈಪ್ ಅನ್ನುವುದು ಬರುತ್ತದೆ. ನಿಮ್ಮ ಫೋಟೋ 35×45 ಮಿಲಿಮೀಟರ್, ಪ್ರಿಂಟ್ 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂತ ಇಟ್ಟುಕೊಳ್ಳಿ. ಒಂದು ಇಂಚಿಗೆ 25.4 ಮಿಲಿಮೀಟರ್. 35ನ್ನು 25.4ರಿಂದ ಭಾಗಿಸಿ 300ರಿಂದ ಗುಣಿಸಿದರೆ 413.39 ಬರುತ್ತದೆ. ಆದರೆ ಪಿಕ್ಸೆಲ್‌ನಲ್ಲಿ ಅರ್ಧ, ಕಾಲು ಇಲ್ಲ. ಅಗಲ 413, ಎತ್ತರ 531 ಅಂತ ಪೂರ್ತಿ ಸಂಖ್ಯೆ ಕೊಡಬೇಕು. ಇದು ಇಂಟಿಜರ್. ದಶಮಾಂಶ ಇರುವುದು ಫ್ಲೋಟ್. ಅಕ್ಷರ ಇದ್ದರೆ ಸ್ಟ್ರಿಂಗ್. ಇಂಟಿಜರ್ ಕೇಳಿದ ಕಡೆ ಸ್ಟ್ರಿಂಗ್ ಕೊಟ್ಟರೆ ಅಲ್ಲೇ ಎರರ್.

ಒಂದು ಮಾತು, ಸ್ಕೇಲ್ (ಅಳತೆ ಬದಲಿಸುವುದು) ಮಾಡುವ ಮುಂಚೆ ಕ್ರಾಪ್ (ಕತ್ತರಿಸುವುದು) ಮಾಡಲೇಬೇಕು. ಮೊಬೈಲ್ ಫೋಟೋ ಸಾಮಾನ್ಯವಾಗಿ 3ಕ್ಕೆ 4ರ ಪ್ರಮಾಣದಲ್ಲಿ ಇರುತ್ತದೆ, ನಿಮಗೆ ಬೇಕಾದದ್ದು 7ಕ್ಕೆ 9. ನೇರವಾಗಿ ಸ್ಕೇಲ್ ಮಾಡಿದರೆ ಮಕ್ಕಳ ಮುಖ ತುಸು ಅಗಲವಾಗುತ್ತದೆ. ಪ್ಲಗಿನ್ ಇದನ್ನು ನೋಡಿ ಹೇಳುವುದಿಲ್ಲ.

ಪ್ರೊಸೀಜರ್ ಕೆಲಸ ಮುಗಿಸಿ ಮರಳಿ ಕೊಡುವುದು ರಿಟರ್ನ್ ವ್ಯಾಲ್ಯೂ. ಉದಾಹರಣೆಗೆ ಇಮೇಜ್‌ನ ಅಗಲ ಕೇಳಿದರೆ ಒಂದು ಸಂಖ್ಯೆ ಬರುತ್ತದೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಗಿಂಪ್‌ನೊಳಗೇ ಇರುವ ಸ್ಕ್ರಿಪ್ಟ್-ಫೂ ಭಾಷೆಯಲ್ಲಿ ಬರೆದರೆ ಆ ಒಂದೇ ಸಂಖ್ಯೆಯೂ ಪಟ್ಟಿಯೊಳಗೆ ಕೂತು ಬರುತ್ತದೆ. 'ಕಾರ್' ಅನ್ನುವ ಫಂಕ್ಷನ್ ಹಾಕಿ ಪಟ್ಟಿಯ ಮೊದಲನೆಯದನ್ನು ಹೊರಗೆ ತೆಗೆದುಕೊಳ್ಳಬೇಕು. ಅದು ಬಿಟ್ಟುಹೋದರೆ, ಲೆಕ್ಕ ಸರಿ ಇದ್ದರೂ ಎರರ್ ಬರುತ್ತಲೇ ಇರುತ್ತದೆ. ಬಂದ ವ್ಯಾಲ್ಯೂಗೆ ಒಂದು ಹೆಸರು ಕೊಟ್ಟು ಇಟ್ಟುಕೊಂಡರೆ ಅದು ವೇರಿಯಬಲ್.

ಇನ್ನು ಡ್ರಾಯಬಲ್. ಗಿಂಪ್‌ನಲ್ಲಿ ಇಮೇಜ್ ಅಂದರೆ ಪೂರ್ತಿ ಫೈಲ್. ಅದರೊಳಗೆ ಬಣ್ಣ ಹಚ್ಚಲು ಆಗುವ ಯಾವುದೇ ತುಂಡು ಡ್ರಾಯಬಲ್. ಅದು ಲೇಯರ್ ಇರಬಹುದು, ಚಾನೆಲ್ (ಉಳಿಸಿಟ್ಟ ಸೆಲೆಕ್ಷನ್) ಇರಬಹುದು, ಲೇಯರ್ ಮಾಸ್ಕ್ (ಲೇಯರ್‌ನ ಯಾವ ಭಾಗ ಕಾಣಬೇಕು ಅಂತ ಹೇಳುವುದು) ಇರಬಹುದು. ಸ್ಕೇಲ್ ಪೂರ್ತಿ ಇಮೇಜ್‌ಗೆ ಆಗುತ್ತದೆ. ಬ್ರೈಟ್‌ನೆಸ್ ಹೆಚ್ಚಿಸುವುದು ಒಂದು ಡ್ರಾಯಬಲ್‌ಗೆ ಆಗುತ್ತದೆ. ಯಾವುದನ್ನು ಕೊಡಬೇಕು ಅಂತ ಹೇಗೆ ಗೊತ್ತಾಗಬೇಕು? ಸ್ಕ್ರಿಪ್ಟ್-ಫೂ ಕನ್ಸೋಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆಯಿರಿ, ಅಲ್ಲಿ ಬ್ರೌಸ್ ಅನ್ನುವ ಬಟನ್ ಇದೆ. ಒತ್ತಿದರೆ ಎಲ್ಲ ಪ್ರೊಸೀಜರ್‌ಗಳು, ಅವುಗಳ ಪ್ಯಾರಾಮೀಟರ್, ಟೈಪ್, ರಿಟರ್ನ್ ವ್ಯಾಲ್ಯೂ ಎಲ್ಲ ಸಿಗುತ್ತವೆ. ನನ್ನ ಕೇಳಿದರೆ ಯಾವ ಪಾಠಕ್ಕಿಂತಲೂ ಈ ಬ್ರೌಸರ್ ಮೇಲು. ನಿಮ್ಮ ಕಂಪ್ಯೂಟರ್‌ನಲ್ಲಿ ಇರುವ ವರ್ಷನ್ನಿನ ಹೆಸರುಗಳನ್ನೇ ಅದು ತೋರಿಸುತ್ತದೆ. 2025ರ ಮಾರ್ಚ್‌ನಲ್ಲಿ ಗಿಂಪ್ 3.0 ಬಂದ ಮೇಲೆ ಎಷ್ಟೋ ಹೆಸರು ಬದಲಾಗಿವೆ. 2.10ಕ್ಕೆ ಬರೆದ ಪಾಠ ನೋಡಿ 3.0ದಲ್ಲಿ ಟೈಪ್ ಮಾಡಿದರೆ ತಪ್ಪು ನಿಮ್ಮದಲ್ಲದಿದ್ದರೂ ಓಡುವುದಿಲ್ಲ.

ರಿಜಿಸ್ಟರ್ ಅಂದರೆ ನಿಮ್ಮ ಪ್ಲಗಿನ್ ತನ್ನ ಪರಿಚಯ ಕೊಡುವುದು: ನನ್ನ ಹೆಸರು ಇದು, ಈ ಮೆನುವಿನಲ್ಲಿ ಕಾಣಿಸಬೇಕು, ಈ ತರಹದ ಇಮೇಜ್ ಬೇಕು, ಇಷ್ಟು ಪ್ಯಾರಾಮೀಟರ್. ಆರ್‌ಜಿಬಿ (ಬಣ್ಣದ ಫೋಟೋ) ಮಾತ್ರ ಅಂತ ಬರೆದಿದ್ದರೆ, ಗ್ರೇಸ್ಕೇಲ್ (ಕಪ್ಪು-ಬಿಳುಪು) ಫೋಟೋ ತೆರೆದಾಗ ಮೆನುವಿನಲ್ಲಿ ಹೆಸರು ಮಂಕಾಗಿ ಕಾಣುತ್ತದೆ, ಒತ್ತಲು ಬರುವುದಿಲ್ಲ. ಅದು ಕೆಟ್ಟಿಲ್ಲ, ನೀವು ಹೇಳಿದ ಹಾಗೇ ಇದೆ.

ಲಾಂಛನದ ಜಾಗಕ್ಕೆ ಕೋಆರ್ಡಿನೇಟ್ ಬೇಕು. ಗಿಂಪ್‌ನಲ್ಲಿ ಸೊನ್ನೆ ಇರುವುದು ಮೇಲಿನ ಎಡ ಮೂಲೆಯಲ್ಲಿ. ಎಕ್ಸ್ ಬಲಕ್ಕೆ ಬೆಳೆಯುತ್ತದೆ, ವೈ ಕೆಳಕ್ಕೆ ಬೆಳೆಯುತ್ತದೆ. ಲಾಂಛನ 80×80 ಪಿಕ್ಸೆಲ್, ಅಂಚಿನಿಂದ 10 ಬಿಡಬೇಕು ಅಂದರೆ ಎಕ್ಸ್ 413ರಲ್ಲಿ 80 ಮತ್ತು 10 ಕಳೆದು 323. ವೈ ಹಾಗೆಯೇ 441. ಕೊನೆಗೆ ಜೇಪೆಗ್ ಮಾಡುವ ಮುಂಚೆ ಫ್ಲಾಟನ್ ಮಾಡಿ, ಲೇಯರ್‌ಗಳು ಒಂದಾಗಲಿ.

ಪ್ರಶ್ನೆ (ಹಾವೇರಿ): ಮೇಡಂ, ನಾನೂ ಒಂದು ಬರೆದೆ. ಎರರ್ ಇಲ್ಲ, ಆದರೆ ಪರದೆ ಮೇಲೆ ಏನೂ ಬದಲಾಗಲಿಲ್ಲ. ಝೂಮ್ ಮಾಡಿದ ಮೇಲೆ ಕಾಣಿಸಿತು. ಮತ್ತೆ ಅನ್‌ಡೂ ಮಾಡಲು ಹೋದರೆ ಕಂಟ್ರೋಲ್ ಝಡ್ ಒತ್ತುತ್ತಲೇ ಇರಬೇಕು.

ಉತ್ತರ: ಎರಡಕ್ಕೂ ಮದ್ದು ಇದೆ ಸರ್. ಪ್ಲಗಿನ್ ಕೊನೆಗೆ ಡಿಸ್‌ಪ್ಲೇ ಫ್ಲಶ್ ಮಾಡುವ ಪ್ರೊಸೀಜರ್ ಕರೆಯಿರಿ. ಆಗ ಪರದೆ ಹೊಸದಾಗಿ ಬರೆಯಲ್ಪಡುತ್ತದೆ. ಅನ್‌ಡೂಗೆ, ಶುರುವಿನಲ್ಲಿ ಅನ್‌ಡೂ ಗ್ರೂಪ್ ಸ್ಟಾರ್ಟ್, ಕೊನೆಗೆ ಎಂಡ್. ನಡುವಿನದೆಲ್ಲ ಒಂದೇ ಹೆಜ್ಜೆ ಆಗುತ್ತದೆ. ಸ್ಟಾರ್ಟ್ ಬರೆದ ಕೂಡಲೇ ಎಂಡ್ ಕೂಡ ಬರೆದುಬಿಡಿ, ಆಮೇಲೆ ನಡುವೆ ತುಂಬಿ. ಇದು ಬರೀ ನಿಮ್ಮ ಅನುಕೂಲಕ್ಕಲ್ಲ. ನಾಳೆ ಆ ಪ್ಲಗಿನ್ ಬೇರೆಯವರು ಬಳಸಿದಾಗ ಅವರ ಕೆಲಸ ಕೆಡದೆ ಹಿಂದಕ್ಕೆ ಬರಬೇಕು ಅಲ್ವಾ?

ಪ್ರಶ್ನೆ (ಧಾರವಾಡ): ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಪೈಥಾನ್ ಭಾಷೆಯಲ್ಲಿ ಒಂದೊಂದು ಪಿಕ್ಸೆಲ್ ತೆಗೆದು 100 ಕೂಡಿಸಿ ಬ್ರೈಟ್ ಮಾಡುವ ಲೂಪ್ ಬರೆದಿದ್ದೇನೆ. ಮುಗಿಯುವುದೇ ಇಲ್ಲ.

ಉತ್ತರ: ಲೂಪ್ ಅಂದರೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವುದು. ಎಷ್ಟು ಸಲ ಅನ್ನೋದೇ ಇಲ್ಲಿ ಪ್ರಶ್ನೆ. 10×6 ಅಡಿ ಬ್ಯಾನರ್ 72 ಡಿಪಿಐನಲ್ಲಿ 8640×5184 ಪಿಕ್ಸೆಲ್. ಸುಮಾರು 4.48 ಕೋಟಿ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಮೂರು ಸಂಖ್ಯೆ, ಅಂದರೆ 13 ಕೋಟಿ ದಾಟಿತು. ಪೈಥಾನ್ ಅಷ್ಟನ್ನೂ ಒಂದೊಂದಾಗಿ ಮುಟ್ಟಬೇಕು. ಬದಲಿಗೆ ಬ್ರೈಟ್‌ನೆಸ್ ಅಥವಾ ಕರ್ವ್ಸ್ ಪ್ರೊಸೀಜರನ್ನು ಒಂದೇ ಸಲ ಕರೆಯಿರಿ. ಒಳಗಿನ ಲೂಪ್ ಸಿ ಭಾಷೆಯಲ್ಲಿದೆ, ಬಹಳ ಬೇಗ ಮುಗಿಯುತ್ತದೆ. ಲೂಪ್ ಬೇಕಾಗುವುದು ಫೈಲ್‌ಗಳ ಮೇಲೆ, ಗದಗಿನವರ ಐಡಿ ಫೋಟೋ ತರಹ.

ಇನ್ನೊಂದು, 8 ಬಿಟ್ ಇಮೇಜ್‌ನಲ್ಲಿ ಒಂದು ಬಣ್ಣ 0ಯಿಂದ 255ರವರೆಗೆ ಮಾತ್ರ. 200ಕ್ಕೆ 100 ಕೂಡಿಸಿದರೆ 300. ಒಂದು ಬೈಟ್‌ನಲ್ಲಿ ಅದು ಹಿಡಿಸುವುದಿಲ್ಲ. ಸಿಯಲ್ಲಿ ತಿರುಗಿ 44 ಆಗುತ್ತದೆ, ಬಿಳಿ ಇರಬೇಕಾದಲ್ಲಿ ಕಪ್ಪು ಕಲೆ ಬೀಳುತ್ತದೆ. 255 ದಾಟಿದರೆ 255ಕ್ಕೇ ನಿಲ್ಲಿಸುವುದನ್ನು ಕ್ಲ್ಯಾಂಪ್ ಅನ್ನುತ್ತಾರೆ. ನೀವೇ ಲೆಕ್ಕ ಮಾಡುವ ಕಡೆಯೆಲ್ಲ ಅದು ಇರಲೇಬೇಕು.

ಪ್ರಶ್ನೆ (ಗದಗ): ಅಕ್ಕಾ, ಬ್ರೌಸರ್ ನೋಡಿದೆ, ಕ್ರಾಪ್ ಮತ್ತು ಸ್ಕೇಲ್ ಆಯಿತು! ಫೋಟೋ ಕೆಳಗೆ ಮಗುವಿನ ಹೆಸರೂ ಹಾಕಿಸಬಹುದಾ? ಉದ್ದ ಹೆಸರು ಇದ್ದರೆ ಕತ್ತರಿಸಬೇಕು.

ಉತ್ತರ: ಭಾಳ ಖುಷಿ ಆಯಿತು. ಹೆಸರು ಹಾಕಿಸಬಹುದು, ಆದರೆ ಕನ್ನಡದ ಸ್ಟ್ರಿಂಗ್ ಕತ್ತರಿಸುವಾಗ ಹುಷಾರು. 'ಹುಬ್ಬಳ್ಳಿ' ನಮ್ಮ ಕಣ್ಣಿಗೆ ಮೂರು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಉಕಾರ, ಗುಡಿಸು, ಒತ್ತಿನ ಗುರುತು ಎಲ್ಲ ಬೇರೆ ಬೇರೆ, ಪೈಥಾನ್ ಅದರ ಉದ್ದ 9 ಅನ್ನುತ್ತದೆ. ಅದನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಉಳಿಸಿದರೆ 27 ಬೈಟ್. ಮೊದಲ 4 ತೆಗೆದುಕೊಳ್ಳಿ ಅಂದರೆ 'ಹುಬ್' ಅಂತ ನಿಲ್ಲುತ್ತದೆ. ಮಗುವಿನ ಹೆಸರು ಹಾಗೆ ಮುರಿಯಬಾರದು. ಕತ್ತರಿಸುವ ಬದಲು, ಟೆಕ್ಸ್ಟ್ ಲೇಯರ್‌ನ ಅಗಲ ಕೇಳಿ, 413ಕ್ಕಿಂತ ಜಾಸ್ತಿ ಇದ್ದರೆ ಫಾಂಟ್ ಸೈಜ್ ಇಳಿಸಿ. ಹೀಗೆ 'ಇದ್ದರೆ' ಅಂತ ಪರೀಕ್ಷಿಸುವುದೇ ಕಂಡೀಷನ್. ಶಾಲೆಯವರು ಪಟ್ಟಿಯನ್ನು ಹಳೆಯ ನುಡಿ ಫಾಂಟ್‌ನಲ್ಲಿ ಕೊಟ್ಟಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಅದರೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಗಿಂಪ್‌ಗೆ ಕನ್ನಡ ಅಂತ ತಿಳಿಯುವುದಿಲ್ಲ.

ಪ್ರಶ್ನೆ (ಹಾವೇರಿ): ನಮ್ಮಲ್ಲಿ ಕೋರೆಲ್‌ಡ್ರಾ ಮೇಲೇ ಎಲ್ಲ ಕೆಲಸ. ಇದೆಲ್ಲ ಅಲ್ಲಿ ನಡೆಯುತ್ತದಾ?

ಉತ್ತರ: ವೇರಿಯಬಲ್, ಪ್ಯಾರಾಮೀಟರ್, ಲೂಪ್, ಕಂಡೀಷನ್ ಎಲ್ಲ ಅವೇ. ಭಾಷೆ ವಿಬಿಎ. ಪಿಕ್ಸೆಲ್ ಬದಲು ಶೇಪ್‌ಗಳ ಜೊತೆ ಕೆಲಸ: ಡಾಕ್ಯುಮೆಂಟ್, ಅದರೊಳಗೆ ಪೇಜ್, ಲೇಯರ್, ಶೇಪ್. ಮ್ಯಾಕ್ರೋ (ನೀವು ಮಾಡಿದ ಹೆಜ್ಜೆಗಳ ದಾಖಲೆ) ರೆಕಾರ್ಡ್ ಮಾಡಿ ಅದು ಬರೆದ ಕೋಡ್ ಓದಿದರೆ ಬೇಗ ಹಿಡಿತ ಸಿಗುತ್ತದೆ. ಸೊನ್ನೆ ಅಲ್ಲಿ ಸಾಮಾನ್ಯವಾಗಿ ಪೇಜಿನ ಕೆಳಗಿನ ಎಡ ಮೂಲೆಯಲ್ಲಿ ಇರುತ್ತದೆ, ವೈ ಮೇಲಕ್ಕೆ ಬೆಳೆಯುತ್ತದೆ. ಮತ್ತೆ ಮೊದಲ ಸಾಲಿನಲ್ಲೇ ಡಾಕ್ಯುಮೆಂಟ್‌ನ ಯೂನಿಟ್ ಮಿಲಿಮೀಟರ್ ಅಂತ ಬರೆಯಿರಿ. ರೂಲರ್ ಮಿಲಿಮೀಟರ್ ತೋರಿಸುತ್ತಿದ್ದರೂ, ಹೇಳದೇ ಇದ್ದರೆ ವಿಬಿಎ ನಿಮ್ಮ 35ನ್ನು 35 ಇಂಚು ಅಂತಲೇ ಹಿಡಿಯುತ್ತದೆ.